ಕಾದಂಬರಿಯ ಪದಲೆಕ್ಕ: ಕರಡಿನಿಂದ ಅಚ್ಚಿನ ಪುಟದವರೆಗೆ

ಕಾದಂಬರಿ ಬರೆಯಲು ಕೂತವರು ಮೊದಲು ಕೇಳುವುದು ‘ಎಷ್ಟು ಪದ ಇರಬೇಕು?’ ಅಂತ. ಹಾಸನ, ಚಿಕ್ಕಮಗಳೂರು ಕಡೆಯ ಹೊಸ ಬರಹಗಾರರ ಕರಡುಗಳನ್ನು ನಾನು ಓದುತ್ತಾ ಬಂದಿದ್ದೇನೆ. ಅವರಲ್ಲಿ ಮೇಷ್ಟ್ರು ಇದ್ದಾರೆ, ತೋಟದವರು ಇದ್ದಾರೆ, ಬ್ಯಾಂಕ್ ಕೆಲಸದವರು, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ. ಕರಡು ಕೊಡುವಾಗ ಎಲ್ಲರೂ ಒಟ್ಟು ಪದ ಇಷ್ಟು ಅಂತ ಹೇಳುತ್ತಾರೆ. ಯಾವ ಅಧ್ಯಾಯಕ್ಕೆ ಎಷ್ಟು ಹೋಗಿದೆ ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ.

ಒಟ್ಟು ಸಂಖ್ಯೆ ಬೇಕಾಗುವುದು ಪ್ರಕಾಶಕರಿಗೆ ಮತ್ತು ಪ್ರೆಸ್ಸಿನವರಿಗೆ. ಬರೆಯುವವರಿಗೆ ಕೆಲಸಕ್ಕೆ ಬರುವುದು ಅಧ್ಯಾಯದ ಲೆಕ್ಕ. ಕಥೆ ಎಲ್ಲಿ ಉಬ್ಬಿದೆ, ಎಲ್ಲಿ ಬಡಕಲಾಗಿದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದ ಮನೆ. ಅಪ್ಪ ತೀರಿಕೊಂಡಿದ್ದಾರೆ. ಅಕ್ಕ ಶಾರದ ತೋಟದಲ್ಲೇ ಉಳಿದಿದ್ದಾಳೆ. ತಮ್ಮ ನಾಗೇಶ ಹಾಸನದಲ್ಲಿ ಮನೆ ಮಾಡಿಕೊಂಡಿದ್ದಾನೆ. ಆಸ್ತಿ ಪಾಲಾಗಬೇಕು. ಕಥೆ ಇಷ್ಟು.

ಹಂತ 1: ಅಳತೆಯನ್ನು ಕನ್ನಡ ಪುಸ್ತಕದಿಂದಲೇ ತೆಗೆಯಿರಿ

ಇಂಗ್ಲಿಷ್ ಪ್ರಕಾಶಕರು ಒಂದು ಕಾದಂಬರಿಗೆ ಸಾಮಾನ್ಯವಾಗಿ 80,000ದಿಂದ 1,00,000 ಪದ ಅಂತ ಹೇಳುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾನೊರೈಮೊ ಅನ್ನುವ ಬರವಣಿಗೆ ಸವಾಲಿನಲ್ಲಿ ನವೆಂಬರ್ ಒಂದೇ ತಿಂಗಳಿಗೆ 50,000 ಪದದ ಗುರಿ ಇತ್ತು. ಆ ಸಂಸ್ಥೆ 2025ರಲ್ಲಿ ಮುಚ್ಚಿತು, ಆದರೆ ಆ ಸಂಖ್ಯೆ ಇನ್ನೂ ಹೊಸಬರ ತಲೆಯಲ್ಲಿ ಕೂತಿದೆ. ಇವನ್ನು ಕನ್ನಡಕ್ಕೆ ಹಾಗೇ ತಂದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ವಿಭಕ್ತಿ, ಕಾಲ, ‘ಬೇಕು’, ‘ಬಾರದು’, ‘ಅಂತೆ’ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿತ್ತಂತೆ’ ಅನ್ನುವುದು ಕಂಪ್ಯೂಟರಿನ ಎಣಿಕೆಗೆ ಒಂದೇ ಪದ. ಅಷ್ಟೇ ಕಥೆ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಹಾಗಾದರೆ ಗುರಿ ಇಟ್ಟುಕೊಳ್ಳುವುದು ಹೇಗೆ? ನಿಮಗೆ ಇಷ್ಟವಾದ, ನೀವು ಬರೆಯಬೇಕು ಅಂದುಕೊಂಡಿರುವಷ್ಟೇ ದಪ್ಪದ ಕನ್ನಡ ಕಾದಂಬರಿಯೊಂದನ್ನು ಕಪಾಟಿನಿಂದ ತೆಗೆಯಿರಿ. ಮೊದಲ ಹಾಳೆಗಳಲ್ಲಿ ‘ಡೆಮಿ 1/8’ ಅಥವಾ ‘ಕ್ರೌನ್ 1/8’ ಅಂತ ಪುಟದ ಅಳತೆ ಇರುತ್ತದೆ, ಪಕ್ಕದಲ್ಲೇ ‘70 ಜಿಎಸ್‌ಎಂ ಮ್ಯಾಪ್‌ಲಿಥೊ’ ಅಂತ ಕಾಗದದ ವಿವರವೂ ಇರುತ್ತದೆ. ನಮಗೆ ಬೇಕಾದದ್ದು ಅಳತೆ. ಈಗ ಮಧ್ಯದ ಒಂದು ಪೂರ್ತಿ ಪುಟ ತೆರೆಯಿರಿ. ಸಾಲು ಎಣಿಸಿ. ಹತ್ತು ಸಾಲುಗಳ ಪದ ಎಣಿಸಿ, ಹತ್ತರಿಂದ ಭಾಗಿಸಿ. ಡೆಮಿ ಪುಟದಲ್ಲಿ 30 ಸಾಲು, ಸಾಲಿಗೆ 7 ಪದ ಸಿಕ್ಕಿತು ಅಂದುಕೊಳ್ಳಿ. ಪುಟಕ್ಕೆ 210 ಪದ. ಅಕ್ಷರದ ಗಾತ್ರ, ಸಾಲಿನ ಅಂತರ ಬದಲಾದರೆ ಇದೂ ಬದಲಾಗುತ್ತದೆ, ಆದ್ದರಿಂದ ಒಂದೇ ಪುಸ್ತಕ ನೋಡಿ ಬಿಡಬೇಡಿ. ಎರಡು ಮೂರು ಪುಸ್ತಕ ನೋಡಿ.

ನಾಗೇಶ–ಶಾರದರ ಕಥೆಗೆ ಸುಮಾರು 45,000 ಪದ ಅಂತ ಇಟ್ಟುಕೊಳ್ಳೋಣ. ಪುಟಕ್ಕೆ 210ರಂತೆ 215 ಪುಟ. ಶೀರ್ಷಿಕೆ, ಅರ್ಪಣೆ, ಮುನ್ನುಡಿಗೆ ಎಂಟು ಪುಟ ಸೇರಿಸಿ. ಪ್ರತಿ ಅಧ್ಯಾಯ ಹೊಸ ಪುಟದಿಂದ ಶುರುವಾಗುತ್ತದೆ, ಹಿಂದಿನ ಅಧ್ಯಾಯದ ಕೊನೆ ಪುಟದಲ್ಲಿ ಖಾಲಿ ಉಳಿಯುತ್ತದೆ. 22 ಅಧ್ಯಾಯ ಇದ್ದರೆ ಸರಾಸರಿ ಅರ್ಧ ಪುಟದಂತೆ ಇನ್ನೂ 11 ಪುಟ. ಒಟ್ಟು 234. ಪ್ರೆಸ್ಸಿನಲ್ಲಿ ಲೆಕ್ಕ ಹಾಕುವುದು 16 ಪುಟದ ಫಾರಂನಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಕಟ್ಟಿನಲ್ಲಿ. ಹದಿನೈದು ಫಾರಂ ಅಂದರೆ 240 ಪುಟ. ನಿಮ್ಮ ಪುಸ್ತಕ ಅಷ್ಟರೊಳಗೆ ಕೂರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಪ್ರಕಾಶಕರ ಹತ್ತಿರ ಮಾತಾಡುವಾಗ ಧೈರ್ಯ ಇರುತ್ತದೆ, ಯಾಕಂದರೆ ಕಾಗದದ ಖರ್ಚು, ಪುಸ್ತಕದ ಬೆಲೆ ಎರಡೂ ಫಾರಂ ಮೇಲೆ ನಿಂತಿವೆ.

ಸ್ಪರ್ಧೆಗೆ ಕಳಿಸುವುದಾದರೆ ಅಲ್ಲಿ ಹೇಳಿದ ಮಿತಿಯೇ ಅಂತಿಮ. ಪದದ ಬದಲು ಪುಟ ಹೇಳಿದ್ದರೆ ಯಾವ ಫಾಂಟು, ಎಷ್ಟು ಗಾತ್ರ ಅಂತ ಮೊದಲೇ ಕೇಳಿಕೊಳ್ಳಿ. ವಾರಪತ್ರಿಕೆಯ ಧಾರಾವಾಹಿಗೆ ಬರೆಯುವುದಾದರೆ ಒಂದು ಕಂತಿಗೆ ಎಷ್ಟು ಪದ ಅಂತ ತಿಳಿದುಕೊಂಡು ಅಧ್ಯಾಯಗಳನ್ನು ಆ ಅಳತೆಗೇ ಕಟ್ಟುವುದು ಒಳ್ಳೆಯದು. ಆಮೇಲೆ ಕತ್ತರಿಸಿ ಕಂತು ಮಾಡಿದರೆ ತಿರುವುಗಳು ಎಲ್ಲೆಲ್ಲೋ ಬೀಳುತ್ತವೆ.

ಹಂತ 2: ಎಣಿಸುವ ಯಂತ್ರದ ಗುಣ ತಿಳಿದುಕೊಳ್ಳಿ

ವರ್ಡ್‌ನಲ್ಲಿ ಕೆಳಗಿನ ಪಟ್ಟಿಯಲ್ಲೇ ಪದಸಂಖ್ಯೆ ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಜಿ ಒಟ್ಟಿಗೆ ಒತ್ತಿದರೆ ಪೂರ್ತಿ ವಿವರ ಬರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಅದೇ ಕೆಲಸಕ್ಕೆ ಕಂಟ್ರೋಲ್, ಶಿಫ್ಟ್, ಸಿ. ಒಂದು ಭಾಗವನ್ನಷ್ಟೇ ಸೆಲೆಕ್ಟ್ ಮಾಡಿದರೆ ಅದರ ಲೆಕ್ಕ ಮಾತ್ರ ಸಿಗುತ್ತದೆ. ಅಧ್ಯಾಯದ ಲೆಕ್ಕಕ್ಕೆ ಇಷ್ಟು ಸಾಕು.

ಈ ತಂತ್ರಾಂಶಗಳಿಗೆ ಪದ ಅಂದರೆ ಎರಡು ಖಾಲಿ ಜಾಗಗಳ ನಡುವೆ ಇರುವುದು. ‘ಮನೆಯಲ್ಲಿ ಇದ್ದವಳಿಗೆ’ ಎರಡು ಪದ, ‘ಮನೆಯಲ್ಲಿದ್ದವಳಿಗೆ’ ಒಂದು. ಇದರಿಂದ ಎರಡು ವಿಷಯ ನೆನಪಿಡಬೇಕು. ಸಂಧಿ ಮಾಡಿ ಬರೆಯುವವರ 40,000 ಪದವೂ ಬಿಡಿಸಿ ಬರೆಯುವವರ 40,000 ಪದವೂ ಒಂದೇ ಉದ್ದ ಇರುವುದಿಲ್ಲ. ಇನ್ನೊಬ್ಬರ ಸಂಖ್ಯೆಗೆ ನಿಮ್ಮದನ್ನು ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ, ಮಿತಿಯೊಳಗೆ ತರಬೇಕು ಅಂತ ಸುಮ್ನೆ ಪದ ಅಂಟಿಸುತ್ತಾ ಹೋದರೆ ಸಂಖ್ಯೆ ಇಳಿಯುತ್ತದೆ, ಪುಟ ಇಳಿಯುವುದಿಲ್ಲ. ಓದುವವರಿಗೂ ಕಷ್ಟ.

ವರ್ಡ್‌ನಲ್ಲಿ ಎರಡೂ ಕಡೆ ಜಾಗ ಬಿಟ್ಟು ಹಾಕಿದ ಗೆರೆ ಒಂದು ಪದವಾಗಿ ಸೇರುತ್ತದೆ. ಚುಕ್ಕಿಗಳ ನಡುವೆ ಜಾಗ ಬಿಟ್ಟರೆ ಒಂದೊಂದು ಚುಕ್ಕಿಯೂ ಒಂದೊಂದು ಪದ. ಮಾತಿನ ಮಧ್ಯೆ ಚುಕ್ಕಿ ಸಾಲು ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅಲ್ವಾ? ಎಣಿಸುವ ಮೊದಲು ಅವನ್ನು ಸರಿಮಾಡಿ.

ಅಕ್ಷರಸಂಖ್ಯೆಯನ್ನು ಮಾತ್ರ ನಂಬಬೇಡಿ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಅದರೊಳಗೆ ಆರು ಸಂಕೇತಗಳಿವೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವರು ಯೂನಿಕೋಡಿಗೆ ಬದಲಾಯಿಸಿದ ಮೇಲೆ ಇನ್ನೊಮ್ಮೆ ಎಣಿಸಿ. ಮೊಬೈಲಿಗೆ ಮಾತಾಡಿ ಬರೆಸುವವರು ಪದಗಳು ತಪ್ಪು ಜಾಗದಲ್ಲಿ ಒಡೆದಿವೆಯಾ ನೋಡಿಕೊಳ್ಳಿ.

ಕೈಯಲ್ಲಿ ಬರೆಯುವವರಿಗೆ ಒಂದು ದಾರಿ: ನಿಮ್ಮ ಬರಹದ ಐದು ತುಂಬಿದ ಪುಟಗಳನ್ನು ಎಣಿಸಿ ಸರಾಸರಿ ತೆಗೆಯಿರಿ, ಅದನ್ನು ಪುಸ್ತಕದ ರಟ್ಟಿನ ಒಳಗೆ ಬರೆದಿಡಿ.

ಹಂತ 3: ದಿನದ ಲೆಕ್ಕವನ್ನು ನಿಮ್ಮ ವರ್ಷಕ್ಕೆ ಹೊಂದಿಸಿ

ದಿನಕ್ಕೆ 300 ಪದ, ವಾರಕ್ಕೆ ಐದು ದಿನ. ವಾರಕ್ಕೆ 1,500 ಆಯಿತು. 45,000ಕ್ಕೆ 30 ವಾರ, ಅಂದರೆ ಏಳು ತಿಂಗಳು. ಕೆಲಸ, ಮನೆ ಎರಡೂ ಇರುವವರಿಗೆ ಇದು ಎಟುಕುವ ವೇಗ. 30 ದಿನದಲ್ಲಿ 50,000 ಅಂದರೆ ದಿನಕ್ಕೆ 1,667 ಪದ ಬೇಕು. ಅದು ಕೆಲವರಿಗೆ ಒಗ್ಗಬಹುದು, ಆದರೆ ನವೆಂಬರ್ ಅಂತೂ ನಮ್ಮ ಕಡೆಗೆ ಸರಿಹೋಗದ ತಿಂಗಳು. ಅರೇಬಿಕಾ ಹಣ್ಣು ಕೊಯ್ಲು ಆಗಲೇ ಶುರುವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಕೊಯ್ಲು, ಪಲ್ಪಿಂಗ್, ಕಣದಲ್ಲಿ ಒಣಗಿಸುವುದು ಅಂತ ತೋಟದವರಿಗೆ ಮಾರ್ಚ್‌ವರೆಗೆ ಬಿಡುವಿಲ್ಲ. ಹೂಮಳೆ ಬಿದ್ದ ಮೇಲೆ ಸ್ವಲ್ಪ ಉಸಿರು ಸಿಗುತ್ತದೆ. ಆಮೇಲೆ ಜೂನ್, ಜುಲೈನ ಜಡಿಮಳೆಯಲ್ಲಿ ಕರೆಂಟ್ ಹೋಗುತ್ತದೆ ನಿಜ, ಆದರೆ ಹೊರಗೆ ಕಾಲಿಡಲಾಗದ ದಿನಗಳು ಬರವಣಿಗೆಗೆ ಸಿಗುತ್ತವೆ. ಆ ತಿಂಗಳುಗಳಿಗೆ ನೋಟ್‌ಬುಕ್ ಇಟ್ಟುಕೊಳ್ಳಿ.

ಹಾಸನದವರಿಗೆ ಬೇರೆ ಲೆಕ್ಕ. ಆಲೂಗಡ್ಡೆ ಬಿತ್ತನೆ ಹೊತ್ತಿಗೆ ಹೊಲ ಇರುವವರು ಪೆನ್ನು ಮುಟ್ಟುವುದಿಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ದಿನಗಳಲ್ಲಿ ಮನೆ ತುಂಬ ನೆಂಟರು. ಮೇಷ್ಟ್ರುಗಳಿಗೆ ಪರೀಕ್ಷೆ, ಮೌಲ್ಯಮಾಪನ. ಇವನ್ನೆಲ್ಲ ಮೊದಲೇ ಕ್ಯಾಲೆಂಡರಿನಲ್ಲಿ ಸೊನ್ನೆ ಪದದ ದಿನಗಳು ಅಂತ ಗುರುತಿಸಿ. ಹಾಗೆ ಗುರುತಿಸಿದ ಸೊನ್ನೆ ಮನಸ್ಸನ್ನು ಕುಗ್ಗಿಸುವುದಿಲ್ಲ. ಗುರುತಿಸದೆ ಬಂದದ್ದು ಕುಗ್ಗಿಸುತ್ತದೆ, ಎಷ್ಟೋ ಜನ ಬಿಟ್ಟುಬಿಡುವುದು ಅಂಥ ವಾರದಲ್ಲೇ.

ಬರೆಯುವ ದಿನ ಹಿಂದಿನ ದಿನದ ಪುಟ ತಿದ್ದಬೇಡಿ. ಕೊನೆಯ ಒಂದು ಪುಟ ಓದಿ ಮುಂದೆ ಹೋಗಿ. ತಿದ್ದುತ್ತಾ ಕೂತರೆ ದಿನದ ಲೆಕ್ಕ ಮೈನಸ್ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ತೆಗೆದುಹಾಕಬೇಕಾಗಿ ಬರಬಹುದಾದ ಅಧ್ಯಾಯಕ್ಕೆ ನೀವು ತಿಂಗಳುಗಟ್ಟಲೆ ಪಾಲಿಶ್ ಹಾಕಿರುತ್ತೀರಿ. ಕರಡು ಉಬ್ಬಲಿ. ಮೊದಲ ಕರಡಿನಲ್ಲಿ ಕಥೆ ಏನು ಅಂತ ನಿಮಗೇ ನೀವು ಹೇಳಿಕೊಳ್ಳುತ್ತಿದ್ದೀರಿ, ಅದಕ್ಕೆ ಪದ ಜಾಸ್ತಿ ಬೇಕು.

ಹಂತ 4: ಅಧ್ಯಾಯದ ಪಟ್ಟಿ

ಕರಡು ಮುಗಿದ ಮೇಲೆ ಕೆಲವು ವಾರ ಮುಟ್ಟಬೇಡಿ. ಆಮೇಲೆ ಒಂದು ಹಾಳೆ ಅಥವಾ ಎಕ್ಸೆಲ್ ತೆಗೆದು ಅಧ್ಯಾಯಕ್ಕೊಂದು ಸಾಲು ಮಾಡಿ. ನಾಲ್ಕು ಕಾಲಂ ಸಾಕು: ಪದ ಎಷ್ಟು, ಕಥೆಯಲ್ಲಿ ಎಷ್ಟು ಕಾಲ ಕಳೆಯಿತು, ಯಾರ ಕಣ್ಣಿಂದ ನೋಡುತ್ತಿದ್ದೇವೆ, ಅಧ್ಯಾಯದ ಕೊನೆಗೆ ಏನು ಬದಲಾಯಿತು. ಕೊನೆಯ ಕಾಲಂ ಒಂದೇ ವಾಕ್ಯದಲ್ಲಿ ಇರಬೇಕು. ‘ಏನೂ ಬದಲಾಗಲಿಲ್ಲ’ ಅಂತ ಬರೆಯಬೇಕಾಗಿ ಬಂದರೆ ಹಾಗೇ ಬರೆಯಿರಿ.

ನಮ್ಮ ಕಥೆಯ ಕರಡು 61,000 ಪದಕ್ಕೆ ಮುಗಿಯಿತು ಅಂದುಕೊಳ್ಳಿ. ಪಟ್ಟಿ ಮಾಡಿದಾಗ ಹೀಗೆ ಕಾಣುತ್ತದೆ. ಮೊದಲ ಅಧ್ಯಾಯ 5,200 ಪದ: ಊರು, ಘಾಟಿ, ತೋಟದ ಚರಿತ್ರೆ, ಅಜ್ಜನ ಕಾಲ. ಕಾಲಂ ನಾಲ್ಕರಲ್ಲಿ ‘ಏನೂ ಇಲ್ಲ’. ಎರಡರಿಂದ ಆರರವರೆಗೆ ಎಲ್ಲವೂ ಎರಡು ಸಾವಿರ, ಎರಡೂವರೆ ಸಾವಿರದ ಆಸುಪಾಸು. ಹತ್ತನೆಯದರಲ್ಲಿ ಸಕಲೇಶಪುರದ ಸೋದರಮಾವ ಬರುತ್ತಾರೆ, ಮುಂದಿನ ಮೂರು ಅಧ್ಯಾಯ ಅವರದ್ದೇ ಸಾಲದ ಕಥೆ, ಒಟ್ಟು 7,000. ಹದಿನೇಳನೇ ಅಧ್ಯಾಯದಲ್ಲಿ ಊರ ಹಿರಿಯರು ಜಗಲಿಯಲ್ಲಿ ಕೂತು ಪಾಲು ಮಾಡುತ್ತಾರೆ. ಇಡೀ ಕಾದಂಬರಿ ಕಾಯುತ್ತಿದ್ದದ್ದು ಈ ಹೊತ್ತಿಗೆ. ಅದಕ್ಕೆ ಸಿಕ್ಕಿರುವುದು 900 ಪದ.

ನಾನು ನೋಡಿದ ಕರಡುಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಸುಲಭವಾದ ಕಡೆ ಪೆನ್ನು ಓಡುತ್ತದೆ. ಮಂಜು, ಮಳೆ, ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಬರೆಯಲು ನಮ್ಮ ಕಡೆಯವರಿಗೆ ಕಷ್ಟವೇ ಇಲ್ಲ. ಅಕ್ಕ ತಮ್ಮ ಎದುರುಬದುರು ಕೂತು ಬಾಯಿಬಿಡಬೇಕಾದ ಕಡೆ ಕೈ ಹಿಂಜರಿಯುತ್ತದೆ, ಬೇಗ ಮುಗಿಸಿಬಿಡುತ್ತೇವೆ. ಒಟ್ಟು ಸಂಖ್ಯೆ ನೋಡಿದವರು ‘16,000 ಪದ ಜಾಸ್ತಿ’ ಅಂತಷ್ಟೇ ಹೇಳುತ್ತಾರೆ, ಪಾಲಿನ ದೃಶ್ಯಕ್ಕೆ ಇನ್ನೂ 2,000 ಪದ ಬೇಕು ಅಂತ ಪಟ್ಟಿ ಹೇಳುತ್ತದೆ. ಕತ್ತರಿಸುವ ಕೆಲಸಕ್ಕೆ ಕೂತವರು ಮೊದಲು ಬೆಳೆಸಬೇಕಾದ ಜಾಗಕ್ಕೆ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಎಲ್ಲ ಅಧ್ಯಾಯದಿಂದಲೂ ಒಂದೇ ಸಮ ತೆಗೆಯುತ್ತಾ ಹೋಗಿ, ಬಡಕಲಾದದ್ದನ್ನು ಇನ್ನೂ ಬಡಕಲು ಮಾಡುತ್ತೀರಿ.

ಹಂತ 5: ಮೊದಲು ದೊಡ್ಡ ತುಂಡು

ವಾಕ್ಯ ತಿದ್ದುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಪಾತ್ರ, ಆಮೇಲೆ ಅಧ್ಯಾಯ, ಆಮೇಲೆ ದೃಶ್ಯ. ಯಾವುದನ್ನು ತೆಗೆದರೂ ಅಳಿಸಬೇಡಿ. ‘ತೆಗೆದದ್ದು’ ಅಂತ ಇನ್ನೊಂದು ಫೈಲ್ ಮಾಡಿ ಅಲ್ಲಿಗೆ ಹಾಕಿ. ಬೇಕಾದರೆ ಮತ್ತೆ ತರಬಹುದು ಅನ್ನುವ ಭರವಸೆ ಇದ್ದರೆ ಕೈ ನಡುಗುವುದಿಲ್ಲ. ಪ್ರತಿ ಸುತ್ತಿಗೂ ಫೈಲಿನ ಹೆಸರಿನಲ್ಲಿ ತಾರೀಕು ಇರಲಿ.

ಸೋದರಮಾವನ ಸಾಲದ ಕಥೆ ತೆಗೆದರೆ ಪಾಲಿನ ಕಥೆಗೆ ಏನಾದರೂ ನಷ್ಟವೇ? ಅವರು ನಾಗೇಶನಿಗೆ ‘ಅಕ್ಕನ ಹೆಸರಿಗೆ ಅಪ್ಪ ಆಗಲೇ ಕಾಗದ ಮಾಡಿಸಿದ್ದರು’ ಅಂತ ಹೇಳುವುದು ಮಾತ್ರ ಬೇಕು. ಆ ಒಂದು ಮಾತನ್ನು ಶಾರದಳ ಬಾಯಿಂದಲೇ ಬರಿಸಬಹುದು, ಆಗ ಅದಕ್ಕೆ ಇನ್ನೂ ಹರಿತ ಬರುತ್ತದೆ. 7,000 ಪದ ಹೋಯಿತು. ಮೊದಲ ಅಧ್ಯಾಯದ ಊರ ವರ್ಣನೆಯಲ್ಲಿ 3,500 ತೆಗೆದು, ಅಜ್ಜನ ಕಾಲದ ಎರಡು ಸಂಗತಿಗಳನ್ನು ಮುಂದೆ ಬೇಕಾದ ಕಡೆ ಹಾಕಬಹುದು. ಇನ್ನು ಒಂದೇ ಕೆಲಸ ಮಾಡುವ ದೃಶ್ಯಗಳು. ನಾಗೇಶನಿಗೆ ದುಡ್ಡಿನ ತುರ್ತು ಇದೆ ಅಂತ ತೋರಿಸಲು ಬ್ಯಾಂಕಿನ ದೃಶ್ಯ ಇದೆ, ಹೆಂಡತಿ ಜೊತೆ ಜಗಳ ಇದೆ, ಗೆಳೆಯನ ಹತ್ತಿರ ಸಾಲ ಕೇಳುವುದೂ ಇದೆ. ಹೆಂಡತಿ ಜೊತೆಗಿನದ್ದು ಇರಲಿ, ಉಳಿದ ಎರಡರಿಂದ 2,500. ಒಟ್ಟು 13,000 ಕಳೆಯಿರಿ, ಪಾಲಿನ ದೃಶ್ಯಕ್ಕೆ 2,000 ಸೇರಿಸಿ. 61,000 ಇದ್ದದ್ದು 50,000ಕ್ಕೆ ಬಂತು. ಇಲ್ಲಿಯವರೆಗೆ ಒಂದು ವಾಕ್ಯವನ್ನೂ ನಾವು ತಿದ್ದಿಲ್ಲ.

ದೃಶ್ಯದೊಳಗೆ ನೋಡುವಾಗ ಬಾಗಿಲು ನೋಡಿ. ನಮ್ಮ ಕಡೆಯ ಕಾದಂಬರಿಗಳಲ್ಲಿ ಯಾರೇ ಯಾರ ಮನೆಗೆ ಬರಲಿ, ‘ಬನ್ನಿ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ’, ‘ಅಯ್ಯೋ ಈಗಷ್ಟೇ ಕುಡ್ಕೊಂಡ್ ಬಂದೆ’, ‘ಅರ್ಧ ಲೋಟ ಆದ್ರೂ ತಗೊಳ್ಳಿ’ ಅಂತ ಅರ್ಧ ಪುಟ ಹೋಗುತ್ತದೆ. ನಿಜ ಜೀವನದಲ್ಲಿ ಹಾಗೇ ಮಾತಾಡುತ್ತೇವೆ, ಅದಕ್ಕೇ ಪೆನ್ನಿಗೆ ತಾನಾಗಿ ಬರುತ್ತದೆ. ಕರಡಿನಲ್ಲಿ ಇಂಥ ಕಾಫಿಗಳನ್ನೆಲ್ಲ ಗುರುತಿಸಿ. ಹೆಚ್ಚಿನವನ್ನು ತೆಗೆಯಿರಿ, ಆದರೆ ತೆಗೆಯುವ ಮೊದಲು ಪ್ರತಿಯೊಂದನ್ನೂ ನಿಂತು ನೋಡಿ. ನಾಗೇಶ ವರ್ಷಗಳ ಮೇಲೆ ತೋಟದ ಮನೆಗೆ ಬರುತ್ತಾನೆ. ಶಾರದ ಅವನಿಗೆ ಕಾಫಿ ತರುತ್ತಾಳೆ. ಅವನು ಚಿಕ್ಕಂದಿನಿಂದ ಕುಡಿಯುತ್ತಿದ್ದ ಹಿತ್ತಾಳೆ ಲೋಟದಲ್ಲಿ ತರುವುದಿಲ್ಲ, ನೆಂಟರಿಗೆ ಇಟ್ಟಿರುವ ಪಿಂಗಾಣಿ ಕಪ್ಪಿನಲ್ಲಿ ತರುತ್ತಾಳೆ. ಈ ಕಾಫಿ ಉಳಿಯಬೇಕು. ಅವಳ ಮನಸ್ಸಿನಲ್ಲಿ ಅವನು ಈಗ ಯಾರು ಅಂತ ಅದು ಹೇಳಿಬಿಡುತ್ತದೆ. ಹಾಗೆ ಹೇಳಿದ್ದರಿಂದ ಮುಂದಿನ ಪುಟದಲ್ಲಿ ಶಾರದಳ ಮುನಿಸಿನ ಬಗ್ಗೆ ಬರೆದಿದ್ದ ಮೂರು ಪ್ಯಾರಾ ಬೇಡವಾಗುತ್ತವೆ.

ಫೋನ್ ಮಾತಿಗೂ ಇದೇ ನಿಯಮ. ‘ಹಲೋ’, ‘ಊಟ ಆಯ್ತಾ’, ‘ಮಕ್ಕಳು ಹೇಗಿದ್ದಾರೆ’ ಬಿಟ್ಟು ವಿಷಯ ಶುರುವಾಗುವ ಮಾತಿನಿಂದ ದೃಶ್ಯ ತೆರೆಯಿರಿ.

ಹಂತ 6: ಆಮೇಲೆ ವಾಕ್ಯ

ಉಳಿದ 50,000ದಲ್ಲಿ ಹತ್ತರಲ್ಲಿ ಒಂದು ಪಾಲು, ಅಂದರೆ 5,000 ಪದ ವಾಕ್ಯದ ಮಟ್ಟದಲ್ಲೇ ಇಳಿಯುತ್ತದೆ. ಕರಡಿನ ಒಂದು ಪ್ಯಾರಾ ನೋಡೋಣ:

‘ನಾಗೇಶ ಬಸ್ಸಿನಿಂದ ಕೆಳಗೆ ಇಳಿದು ಒಂದು ಕ್ಷಣ ಅಲ್ಲೇ ನಿಂತುಕೊಂಡು ಸುತ್ತಮುತ್ತ ನೋಡಿದ. ಮಳೆ ಜೋರಾಗಿ ಸುರಿಯಲು ಪ್ರಾರಂಭಿಸಿತ್ತು. ಅವನಿಗೆ ಏನೋ ಒಂದು ರೀತಿಯ ಬೇಸರ, ದುಃಖ ಮತ್ತು ಸಂಕಟ ಆಗತೊಡಗಿತು. ಎಷ್ಟೋ ವರ್ಷಗಳ ನಂತರ ತನ್ನ ಸ್ವಂತ ಊರಿಗೆ ಮರಳಿ ಬಂದಿದ್ದೇನೆ ಎಂದು ತನ್ನ ಮನಸ್ಸಿನಲ್ಲೇ ಅಂದುಕೊಂಡ. ಎದುರಿನ ಅಂಗಡಿಯ ಮುದುಕ ಅವನನ್ನೇ ದಿಟ್ಟಿಸಿ ನೋಡುತ್ತಿದ್ದ. “ಯಾರ ಮನೆಗೆ ಹೋಗಬೇಕು?” ಎಂದು ಮುದುಕ ಅವನನ್ನು ಕೇಳಿದ. ಮುದುಕ ತನ್ನ ಗುರುತು ಹಿಡಿಯಲಿಲ್ಲ ಎಂದು ನಾಗೇಶನಿಗೆ ತುಂಬಾ ನೋವಾಯಿತು.’

ಇದು 56 ಪದ. ತಿದ್ದಿದ ಮೇಲೆ:

‘ನಾಗೇಶ ಬಸ್ಸಿಳಿದಾಗ ಮಳೆ ಜೋರಾಗಿತ್ತು. ಎದುರಿನ ಅಂಗಡಿಯ ಮುದುಕ ಅವನನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಇದೇ ಮುದುಕನ ಹತ್ತಿರ ಅಪ್ಪನ ಲೆಕ್ಕಕ್ಕೆ ಬರೆಸಿ ನಾಗೇಶ ಬತ್ತಾಸು ತಿನ್ನುತ್ತಿದ್ದ. “ಯಾರ ಮನೆಗ್ ಹೋಗ್ಬೇಕು?” ಮುದುಕ ಕೇಳಿದ.’

ಈಗ 24. ಅದರಲ್ಲಿ ಹತ್ತು ಪದ ಹೊಸದು. ಬೇಸರ, ದುಃಖ, ಸಂಕಟ ಮೂರೂ ಹೋದವು, ಕೊನೆಯ ‘ತುಂಬಾ ನೋವಾಯಿತು’ ಕೂಡ ಹೋಯಿತು. ಬತ್ತಾಸಿನ ಲೆಕ್ಕ ಬರೆದುಕೊಂಡವನೇ ‘ಯಾರ ಮನೆಗೆ’ ಅಂತ ಕೇಳಿದ ಮೇಲೆ ನೋವಾಯಿತು ಅಂತ ಓದುಗರಿಗೆ ಹೇಳುವ ಅಗತ್ಯವಿಲ್ಲ. ಗಮನಿಸಿ, ‘ಬಸ್ಸಿನಿಂದ ಇಳಿದಾಗ’ ಎಂಬುದು ‘ಬಸ್ಸಿಳಿದಾಗ’ ಆಗಿರುವುದು ಎಣಿಕೆಯ ಉಳಿತಾಯ ಮಾತ್ರ. ನಿಜವಾದ ಕೆಲಸ ಆಗಿರುವುದು ಭಾವನೆಯ ಹೆಸರುಗಳನ್ನು ತೆಗೆದು ಒಂದು ಸಂಗತಿ ಇಟ್ಟ ಕಡೆ.

ಕಂಟ್ರೋಲ್, ಎಫ್ ಒತ್ತಿ ನಿಮ್ಮ ಅಭ್ಯಾಸದ ಪದಗಳನ್ನು ಹುಡುಕಿ. ಹೆಚ್ಚಿನವರಲ್ಲಿ ಸಿಗುವವು: ಒಂದು ಕ್ಷಣ, ಇದ್ದಕ್ಕಿದ್ದಂತೆ, ಒಂದು ರೀತಿಯ, ಎಂಬಂತೆ, ಅನ್ನಿಸಿತು, ಮನಸ್ಸಿನಲ್ಲೇ. ‘ಅಳಲು ಪ್ರಾರಂಭಿಸಿದಳು’ ಎಂಬಲ್ಲಿ ‘ಅತ್ತಳು’ ಸಾಕಾ ನೋಡಿ. ‘ಕಷ್ಟ ಕಾರ್ಪಣ್ಯ’, ‘ಸುಖ ಸಂತೋಷ’ ಥರದ ಜೋಡಿಗಳಲ್ಲಿ ಒಂದು ಸಾಕು. ಇಬ್ಬರೇ ಮಾತಾಡುತ್ತಿರುವಾಗ ಪ್ರತಿ ಸಾಲಿಗೂ ‘ಎಂದು ಹೇಳಿದನು’, ‘ಎಂದು ಕೇಳಿದಳು’ ಬೇಡ. ನಾಲ್ಕೈದು ಮಾತಿಗೊಮ್ಮೆ ಯಾರದು ಅಂತ ನೆನಪಿಸಿದರೆ ಆಯಿತು. ‘ಎಂದು ಕೋಪದಿಂದ ಹೇಳಿದ’ ಅಂತ ಬರೆದಿದ್ದರೆ ಮಾತಿನಲ್ಲೇ ಕೋಪ ಇದೆಯಾ ನೋಡಿ. ಇದ್ದರೆ ‘ಕೋಪದಿಂದ’ ಬೇಡ, ಇಲ್ಲದಿದ್ದರೆ ಮಾತನ್ನು ಬದಲಿಸಿ.

ಮುಟ್ಟಬಾರದ್ದೂ ಇದೆ. ‘ಬಿಸಿಬಿಸಿ’, ‘ಮೆಲ್ಲಮೆಲ್ಲಗೆ’, ‘ಕಾಫಿಗೀಫಿ’ ಇವು ನಮ್ಮ ಮಾತಿನ ಉಸಿರು. ‘ಕಣಕ್ಕ’, ‘ಏನ್ಲಾ’ ಅನ್ನುವವೂ ಅಷ್ಟೇ. ಇಂಥ ಮಾತುಗಳನ್ನು ಪದ ಉಳಿಸುವ ಹೆಸರಿನಲ್ಲಿ ತೆಗೆದರೆ ಪಾತ್ರದ ಊರೇ ಹೋಗುತ್ತದೆ. ‘ಊಟ ಮಾಡಿದ’ ಅನ್ನುವುದನ್ನು ‘ಉಂಡ’ ಮಾಡಿದರೆ ಒಂದು ಪದ ಉಳಿಯುತ್ತದೆ ನಿಜ, ಆದರೆ ಹಾಸನದ ಬ್ಯಾಂಕ್ ನೌಕರನ ಕಥೆಯಲ್ಲಿ ಅದು ಹೊಂದುತ್ತದಾ ಅಂತ ಕಿವಿಗೊಟ್ಟು ಕೇಳಬೇಕು. ಸಂಸ್ಕೃತದ ಒಂದು ಉದ್ದ ಸಮಾಸ ಹಾಕಿ ಮೂರು ಕನ್ನಡ ಪದ ಉಳಿಸುವವರನ್ನೂ ನೋಡಿದ್ದೇನೆ. ಅಂಥ ಉಳಿತಾಯ ನನಗೆ ಒಪ್ಪಿಗೆಯಿಲ್ಲ.

ಈ ಸುತ್ತನ್ನು ಪರದೆಯ ಮೇಲೆ ಮಾಡಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಗಟ್ಟಿಯಾಗಿ ಓದಿ. ಸಾಧ್ಯವಾದರೆ ಒಬ್ಬರನ್ನು ಎದುರು ಕೂರಿಸಿಕೊಂಡು ಓದಿ. ಅವರು ಏನೂ ಹೇಳಬೇಕಾಗಿಲ್ಲ. ಎಲ್ಲಿ ನಿಮಗೇ ಬೇಗ ಬೇಗ ಓದಿ ಮುಗಿಸಬೇಕು ಅನ್ನಿಸುತ್ತದೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿಕೊಳ್ಳಿ.

ಪದ ಕಡಿಮೆ ಬಿದ್ದರೆ

ಎಲ್ಲರದ್ದೂ ಉಬ್ಬಿದ ಕರಡಲ್ಲ. 18,000ಕ್ಕೆ ಕಥೆ ಮುಗಿದುಹೋಯಿತು, ಏನು ಮಾಡಲಿ ಅಂತ ಕೇಳುವವರೂ ಇದ್ದಾರೆ. ಅದು ಕಿರುಕಾದಂಬರಿಯೇ ಆಗಿರಬಹುದು. ಹಾಗಿದ್ದರೆ ಹಾಗೇ ಬಿಡಿ, ವರ್ಣನೆ ತುರುಕಿ ಹಿಗ್ಗಿಸಬೇಡಿ. ಪಟ್ಟಿಯ ನಾಲ್ಕನೇ ಕಾಲಂ ಇಲ್ಲೂ ದಾರಿ ತೋರಿಸುತ್ತದೆ. ಯಾವ ಅಧ್ಯಾಯದಲ್ಲಿ ತುಂಬಾ ದೊಡ್ಡ ಬದಲಾವಣೆ ಒಂದೇ ವಾಕ್ಯದಲ್ಲಿ ಆಗಿಹೋಗಿದೆ? ‘ಆ ವರ್ಷ ಶಾರದ ಮದುವೆ ಬೇಡ ಅಂದಳು’ ಅಂತ ಇದ್ದರೆ ಅಲ್ಲಿ ಒಂದು ದೃಶ್ಯ ಕಾಯುತ್ತಿದೆ. ಯಾರ ಎದುರು ಹೇಳಿದಳು, ಅಪ್ಪ ಏನಂದರು, ನಾಗೇಶ ಆಗ ಎಲ್ಲಿದ್ದ? ಬರೆಯಿರಿ.

ಹಂತ 7: ಪುಟ ಕಟ್ಟಿದ ಮೇಲೆ

ಪ್ರಕಾಶಕರಿಗೆ ಕಳಿಸುವಾಗ ಪತ್ರದಲ್ಲಿ ಒಟ್ಟು ಪದ, ಅಧ್ಯಾಯಗಳ ಸಂಖ್ಯೆ, ಅಂದಾಜು ಡೆಮಿ ಪುಟ ಮೂರನ್ನೂ ಬರೆಯಿರಿ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಆಗಿ, ತಿದ್ದಲು ಕೊಡುವ ಪ್ರೂಫ್ ಹಾಳೆಗಳು ಬಂದಾಗ ಲೆಕ್ಕ ಇನ್ನೊಮ್ಮೆ ಬದಲಾಗಿರುತ್ತದೆ. ಹದಿನೈದು ಫಾರಂಗೆ 240 ಪುಟ ಅಂದುಕೊಂಡದ್ದು 244 ಬಂದಿರುತ್ತದೆ. ನಾಲ್ಕು ಪುಟಕ್ಕೋಸ್ಕರ ಇನ್ನೊಂದು ಫಾರಂ ಓಡಿಸಬೇಕಾ ಅಂತ ಕೇಳುತ್ತಾರೆ. ಅಕ್ಷರ ಸಣ್ಣದು ಮಾಡಿ ಅಂತ ಹೇಳಬೇಡಿ, ಓದುವವರ ಕಣ್ಣಿಗೆ ತೊಂದರೆ.

ನಾಲ್ಕು ಪುಟ ಅಂದರೆ 840 ಪದ ಅಂತ ಗಾಬರಿಯೂ ಬೇಡ. ಪ್ರತಿ ಅಧ್ಯಾಯದ ಕೊನೆಯ ಪುಟ ತಿರುಗಿಸಿ ನೋಡಿ. ಎರಡೋ ಮೂರೋ ನಾಲ್ಕೋ ಸಾಲು ಮಾತ್ರ ಮುಂದಿನ ಪುಟಕ್ಕೆ ಚಾಚಿರುವ ಅಧ್ಯಾಯಗಳು ಸಿಗುತ್ತವೆ. ಅಂಥ ಅಧ್ಯಾಯದಲ್ಲಿ ಎಲ್ಲಾದರೂ ನಾಲ್ಕು ಸಾಲು, ಅಂದರೆ ಸುಮಾರು 28 ಪದ ಇಳಿಸಿದರೆ ಒಂದು ಪೂರ್ತಿ ಪುಟ ಉಳಿಯುತ್ತದೆ. ಪ್ಯಾರಾದ ಕೊನೆ ಸಾಲಿನಲ್ಲಿ ಒಂದೇ ಪದ ಉಳಿದಿರುವ ಜಾಗ ಹುಡುಕಿ. ಅಲ್ಲಿ ಒಂದು ಪದ ತೆಗೆದರೆ ಒಂದು ಸಾಲು ಮೇಲೆ ಬರುತ್ತದೆ. ಇಂಥ ನಾಲ್ಕು ಅಧ್ಯಾಯ ಸಿಕ್ಕರೆ ನೂರು ಚಿಲ್ಲರೆ ಪದದಲ್ಲಿ ಕೆಲಸ ಮುಗಿಯಿತು. ಈ ತಿದ್ದುಪಡಿಗಳನ್ನು ಪ್ರೂಫ್ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ ಡಿಟಿಪಿಯವರಿಗೆ ಕೊಡಿ. ನಿಮ್ಮ ಫೈಲಿನಲ್ಲೂ ಅದೇ ದಿನ ಹಾಗೇ ಬದಲಾಯಿಸಿಕೊಳ್ಳಿ, ಎರಡನೇ ಮುದ್ರಣಕ್ಕೆ ಬೇಕಾಗುತ್ತದೆ.